ಗಳದ ಮೇಲಿನ ಸೀರೆ

ಮೊದಲು ಕೊಕ್ಕೆ ಟೊಂಗೆಗೆ ಸಿಕ್ಕುವ ಕರಕರ. ಆಮೇಲೆ ಒಂದು ಎಳೆತ, ಲಟ್ ಎಂದು ಮುರಿಯುವ ಸದ್ದು. ಕೊನೆಗೆ ಎಲೆಯ ಹೊರೆ ತಗಡಿನ ಮೇಲೆ ಜಾರಿ ಬೀಳುವ ಸರಸರ. ಸನತ್‌ನಗರದ ಆ ಓಣಿಯಲ್ಲಿ ಆಷಾಢ ಬಂತೆಂದರೆ ಬೆಳಗಿನ ಆರಕ್ಕೆ ಈ ಮೂರು ಸದ್ದು ಒಂದರ ಹಿಂದೆ ಒಂದು ಕೇಳುತ್ತಿದ್ದವು. ಪಕ್ಕದ ಮನೆಯ ಸುಗಲಮ್ಮ ದೋಟಿ ಹಿಡಿದು ತನ್ನ ನುಗ್ಗೆಮರದ ಸೊಪ್ಪು ಕೀಳುವ ಹೊತ್ತು ಅದು. ಆಷಾಢದಲ್ಲಿ ನುಗ್ಗೆಸೊಪ್ಪು ತಿನ್ನಲೇಬೇಕೆಂಬುದು ಅವಳ ಕಡೆಯ ಪದ್ಧತಿ. ಎಂಟಕ್ಕೆ ಹಿಂದಿನ ಶೆಡ್ಡಿನಲ್ಲಿ ಪ್ರೆಸ್ ಯಂತ್ರ ಢಬ್ ಢಬ್ ಎನ್ನಲು ಶುರುಮಾಡಿದರೆ ಮುಗಿಯಿತು, ಓಣಿಯಲ್ಲಿ ಬೇರೆ ಯಾವ ಸದ್ದಿಗೂ ಜಾಗವಿರಲಿಲ್ಲ.

ಕೃಷ್ಣಾಬಾಯಿ ಈ ಸದ್ದನ್ನು ವರ್ಷಗಟ್ಟಲೆ ಕೇಳಿದ್ದಳು, ಕಿವಿಗೊಟ್ಟಿರಲಿಲ್ಲ. ನುಗ್ಗೆ ಅವಳ ಅಡಿಗೆಮನೆಗೆ ಬರುವ ಪದಾರ್ಥವಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಯ ಸಾಲಿನಲ್ಲಿ ಅದೂ ಹೊಸ್ತಿಲ ಹೊರಗೇ ನಿಂತದ್ದು. ಬೇಡದ ಮರವನ್ನು ಯಾರು ತಲೆಯೆತ್ತಿ ನೋಡುತ್ತಾರೆ?

ಅವಳಿಗೆ ಆಗ ಐವತ್ತೊಂಬತ್ತು. ಮಾನ್ವಿಯ ಹತ್ತಿರದ ಹಳ್ಳಿಯೊಂದರಿಂದ ಇಪ್ಪತ್ತನೆಯ ವಯಸ್ಸಿಗೆ ಮದುವೆಯಾಗಿ ತೆಲುಗು ಮಾತಿನ ಈ ದೊಡ್ಡ ಊರಿಗೆ ಬಂದವಳು. ಗಂಡ ವೆಂಕಟೇಶ ಫ್ಯಾನಿನ ರೆಕ್ಕೆ ಮಾಡುವ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದ. ಡೊಂಕು ರೆಕ್ಕೆ, ಗೀರು ಬಿದ್ದ ರೆಕ್ಕೆ ಆರಿಸಿ ಬದಿಗಿಟ್ಟು, ಅದು ಯಾವ ಯಂತ್ರದಲ್ಲಿ, ಯಾವ ಪಾಳಿಯಲ್ಲಿ ಕೆಟ್ಟಿತೆಂದು ಹುಡುಕುವುದು ಅವನ ಕೆಲಸ. ನಿವೃತ್ತನಾದ ಮೇಲೆ ಆ ಕಣ್ಣು ಮನೆಯ ಮೇಲೆ ಬಿದ್ದಿತ್ತು. ಬಾಗಿಲ ತಿರುಗಣಿ ಕಿರುಗುಟ್ಟಿದರೂ ಅವನು ಕಾರಣ ಹುಡುಕುತ್ತಿದ್ದ.

ಕೃಷ್ಣಾಬಾಯಿಗೆ ಅಡಿಗೆ ಕಲಿಸಿದ್ದು ಅವಳ ಅತ್ತೆ. ದೇವರಿಗೆ, ಪಿತೃಗಳಿಗೆ ಮಾಡಿದ್ದನ್ನು ನೈವೇದ್ಯಕ್ಕೆ ಮುಂಚೆ ಬಾಯಿಗಿಟ್ಟು ನೋಡುವ ಹಾಗಿಲ್ಲ. "ಉಪ್ಪು ನಾಲಿಗಿಗೆ ಕೇಳಬ್ಯಾಡ, ಅಂಗೈಗೆ ಕೇಳು" ಎಂದು ಅತ್ತೆ ಹೇಳುತ್ತಿದ್ದಳು. ಹತ್ತು ಜನರ ಸಾರಿಗೆ ಅಂಗೈಯ ಗುಳಿ ತುಂಬುವಷ್ಟು, ಇಪ್ಪತ್ತು ಜನರಿಗೆ ಬೆರಳ ಬುಡದವರೆಗೆ. ಹತ್ತೊಂಬತ್ತು ವರ್ಷಗಳಿಂದ ಅವಳು ಹಿಂದಿನ ಓಣಿಯ ನರಹರಿ ಆಚಾರರ ಹಾಲ್‌ನಲ್ಲಿ ಮಡಿ ಅಡಿಗೆ ಮಾಡುತ್ತಿದ್ದಳು. ಫ್ಲಾಟುಗಳಲ್ಲಿ ಶ್ರಾದ್ಧ ಮಾಡಲಾಗದವರು, ತಾರ್ನಾಕದಿಂದ, ಅಮೀರ್‌ಪೇಟ್‌ನಿಂದ, ಅಲ್ಲಿಗೆ ಬರುತ್ತಿದ್ದರು. ಊಟ ಮಾಡಿ ಕೈ ತೊಳೆಯುವಾಗ "ಇವತ್ತು ಕೃಷ್ಣಾಬಾಯಿ ಅಡಿಗಿ ಅಲ್ಲೇನು?" ಎಂದು ಯಾರಾದರೂ ಕೇಳುತ್ತಿದ್ದರು. ಆ ಒಂದು ಮಾತು ಒಳಗಿನ ಒಲೆಯ ತನಕ ಕೇಳಿಬಂದರೆ ಅವಳಿಗೆ ಸಾಕಾಗುತ್ತಿತ್ತು.

ಅಡಿಗೆ ಇದ್ದ ದಿನ ಅವಳು ನಸುಕಿನಲ್ಲಿ ಸ್ನಾನ ಮಾಡಿ, ಮಾಳಿಗೆಗೆ ಹೋಗಿ, ಎತ್ತರದಲ್ಲಿ ಅಡ್ಡ ಕಟ್ಟಿದ ಬಿದಿರಿನ ಗಳದಿಂದ ಮಡಿ ಸೀರೆಯನ್ನು ಕೋಲಿನಲ್ಲಿ ಇಳಿಸಿ ಅಲ್ಲೇ ಮರೆಯಲ್ಲಿ ಉಟ್ಟು ಬರುತ್ತಿದ್ದಳು. ಹಿಂದಿನ ದಿನ ತಾನೇ ಹಿಂಡಿ ಹಾಕಿದ ಆ ಸೀರೆಯನ್ನು ಮಧ್ಯೆ ಯಾರೂ ಮುಟ್ಟಬಾರದು. ಅಲ್ಲಿಂದ ಹಾಲ್‌ಗೆ ಮುನ್ನೂರು ಹೆಜ್ಜೆ. ಆ ಮುನ್ನೂರು ಹೆಜ್ಜೆಯಲ್ಲಿ ಅವಳು ಯಾರನ್ನೂ ಮುಟ್ಟುತ್ತಿರಲಿಲ್ಲ, ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹಾಲಿನವನು ಸೈಕಲ್ ಬದಿಗೆ ಸರಿಸುತ್ತಿದ್ದ. ಸುಗಲಮ್ಮ ಪೊರಕೆ ಹಿಡಿದು ಗೋಡೆಗೆ ಆತು ನಿಲ್ಲುತ್ತಿದ್ದಳು.

ಆ ವರ್ಷ ಆಷಾಢದಲ್ಲಿ ಮಾಳಿಗೆಯ ಹಳೆ ನೀರಿನ ಟಾಕಿ ಬಿರುಕುಬಿಟ್ಟಿತು. ವೆಂಕಟೇಶ ದೊಡ್ಡದೊಂದು ಕರಿ ಟಾಕಿ ತರಿಸಿದ. ಭಾರ ತಡೆಯುವ ತೊಲೆ ಇದ್ದದ್ದು ನಡುವೆ. ಹಾಗಾಗಿ ಟಾಕಿ ನಡುವೆ ಕೂತಿತು, ಗಳ ಪೂರ್ವದ ಮೂಲೆಗೆ ಹೋಯಿತು. ಪ್ಲಂಬರ್ ಗಳ ಸರಿಸುವಾಗ ಮೇಲಿದ್ದ ಮಡಿ ಸೀರೆಯನ್ನು ಮುದ್ದೆಮಾಡಿ ಕಂಕುಳಲ್ಲಿಟ್ಟುಕೊಂಡು, ಆಮೇಲೆ ಮತ್ತೆ ಹರವಿದ. ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ಕೃಷ್ಣಾಬಾಯಿ ಅದನ್ನು ಕಂಡಳು. ಮಾರನೆಯ ನಸುಕಿಗೆ ಹನ್ನೊಂದು ಜನರ ಶ್ರಾದ್ಧದ ಅಡಿಗೆ ಇತ್ತು. ಇನ್ನೊಂದು ಸೀರೆ ಅಂಚು ಹರಿದು ಹೊಲಿಗೆಗೆ ಬಿದ್ದಿತ್ತು. ಹೊರಗೆ ಜಿಟಿಜಿಟಿ ಮಳೆ. ಮತ್ತೊಮ್ಮೆ ನೆನೆಸಿ ಹಾಕಿದರೆ ಒಣಗುವುದಿಲ್ಲ. ಅವಳು ಯಾರಿಗೂ ಏನೂ ಹೇಳದೆ ಅದನ್ನೇ ಉಟ್ಟು ಹೋದಳು.

ಐದನೆಯ ದಿನ, ಮತ್ತೊಂದು ಅಡಿಗೆ ಮುಗಿಸಿ ಬಂದಾಗ, ಮೊದಲ ಸಲ ಮೈಮೇಲೆ ಗುಳ್ಳೆ ಎದ್ದವು.

ಕುತ್ತಿಗೆಯ ಹಿಂದೆ, ಮುಂಗೈಗಳ ಮೇಲೆ, ಕಚ್ಚೆ ಸಿಕ್ಕಿಸುವ ಸೊಂಟದ ಸುತ್ತ. ಕೆಂಪು ಚರ್ಮದ ಮೇಲೆ ರವೆ ಚೆಲ್ಲಿದ ಹಾಗೆ. ತುರಿಕೆ ಎಂದರೆ, ಸೌಟಿನ ಹಿಡಿಯಿಂದ ಕೆರೆದುಕೊಳ್ಳಬೇಕೆನ್ನಿಸುವಂಥದು. ನಾಲ್ಕು ದಿನಕ್ಕೆ ಇಳಿಯಿತು. ಮುಂದಿನ ಅಡಿಗೆಯ ದಿನ ಮಧ್ಯಾಹ್ನದೊಳಗೆ ಮತ್ತೆ ಬಂತು. ಹೀಗೇ ಶ್ರಾವಣ ಕಳೆಯಿತು.

"ಸೊಳ್ಳಿ" ಎಂದ ವೆಂಕಟೇಶ.

"ನಿಮ್ಮನ್ನ ಬಿಟ್ಟು ನನ್ನೊಬ್ಬಾಕಿಗೇ ಕಚ್ಚೋ ಸೊಳ್ಳಿ ಎಲ್ಲಿವರೀ?"

"ನನ್ನ ರಕ್ತದಾಗ ಏನದ, ಬರೇ ಕಾರ್ಖಾನಿ ಎಣ್ಣಿ."

ಆಚಾರರ ಹೆಂಡತಿ ನಾಗದೋಷವೆಂದಳು. ಔಷಧದ ಅಂಗಡಿಯವನು ಒಂದು ಟ್ಯೂಬು ಕೊಟ್ಟ. ಅದನ್ನು ಹಚ್ಚಿಕೊಂಡು ಮಡಿಯಲ್ಲಿರುವ ಹಾಗಿಲ್ಲ. ಹಚ್ಚಿದ್ದನ್ನು ತೊಳೆದು ಒಲೆಯ ಮುಂದೆ ಹೋಗುತ್ತಿದ್ದಳು. ಕೃಷ್ಣಾಬಾಯಿಗೆ ಮಾತ್ರ ಕಾರಣ ತನಗೆ ಗೊತ್ತಿದೆ ಎನ್ನಿಸುತ್ತಿತ್ತು. ಪ್ಲಂಬರ್ ಮುಟ್ಟಿದ ಸೀರೆ ಉಟ್ಟು ಪಿತೃಗಳಿಗೆ ಬಡಿಸಿದ್ದಳಲ್ಲ, ಅದು ಮೈಮೇಲೆ ಬರೆದುಕೊಂಡು ಬಂದಿದೆ. ಅವಳು ತುಳಸಿಗೆ ಹಾಕುವ ಪ್ರದಕ್ಷಿಣೆಗಳನ್ನು ನೂರೆಂಟಕ್ಕೆ ಏರಿಸಿದಳು. ಮಂಡಿ ನೋಯುತ್ತಿದ್ದವು. ಯಾರಿಗೂ ಹೇಳಲಿಲ್ಲ.

ಭಾದ್ರಪದದ ಪಿತೃಪಕ್ಷ ಬಂತು. ವರ್ಷದ ಅತಿ ದೊಡ್ಡ ಹದಿನೈದು ದಿನ. ದಿನಾ ಅಡಿಗೆ, ದಿನಾ ಗುಳ್ಳೆ. ಇಳಿಯಲು ನಡುವೆ ಬಿಡುವಿಲ್ಲದೆ ಅವು ಒಂದರ ಮೇಲೊಂದು ಎದ್ದವು. ಆರನೆಯ ದಿನ ತಾರ್ನಾಕದಿಂದ ಬಂದ ಹೆಣ್ಣುಮಗಳೊಬ್ಬಳು ಎಲೆಗೆ ಹುಳಿ ಬೀಳುವಾಗ ಬಡಿಸುವ ಕೈಯನ್ನು ನೋಡಿದಳು. ಭಾಳ ಮೆತ್ತಗೆ ಕೇಳಿದಳು.

"ಇದು ಅಂಟೋದಲ್ಲಲ್ಲಾ?"

ಅವಳು ಆ ಹುಳಿಯನ್ನು ಕಲಸಲೇ ಇಲ್ಲ. ಎಲೆಯ ಅಂಚಿನಲ್ಲಿ ಅದು ಆರಿ ಕೆನೆಗಟ್ಟಿದ್ದನ್ನು ಎಂಜಲೆಲೆ ತೆಗೆಯುವಾಗ ಕೃಷ್ಣಾಬಾಯಿ ನೋಡಿದಳು.

ಸಂಜೆ ನರಹರಿ ಆಚಾರರು ಮನೆಗೇ ಬಂದರು. ಒಳಗೆ ಬರದೆ ಕಟ್ಟೆಯ ಮೇಲೆ ಕೂತರು.

"ನಿಮ್ಮ ಕೈಯಂಥಾ ಕೈ ನನಗೆಲ್ಲಿ ಸಿಗಬೇಕು, ಕೃಷ್ಣಾಬಾಯಿ. ಆದ್ರ ಉಣ್ಣೋರ ಕಣ್ಣಿಗೂ ಒಂದು ಮಡಿ ಇರ್ತದ ನೋಡ್ರಿ."

"ಎಷ್ಟು ದಿನಾ ಬ್ಯಾಡಂತೀರಿ?"

"ಮೈ ಸ್ವಚ್ಛ ಆಗೋತನಕಾ. ಉತ್ಥಾನ ದ್ವಾದಶಿಯೊಳಗ ಆತಂದ್ರ ಒಲಿ ನಿಮ್ದ. ಆಗಲಿಲ್ಲಾಂದ್ರ…" ಆಚಾರರು ಉತ್ತರೀಯ ಕೊಡವಿದರು. "ಗುರುಬಾಯಿಗೆ ಹೇಳೀನಿ. ಆಕಿನ್ನ ಕಾಯಂ ಮಾಡಬೇಕಾಗ್ತದ."

"ಗುರುಬಾಯಿ!" ಆಚಾರರು ಹೋದ ಮೇಲೆ ಕೃಷ್ಣಾಬಾಯಿ ಗಂಡನಿಗೆ ಹೇಳಿದಳು. "ಆಕಿ ಸಾರಿನ್ಯಾಗ ಬ್ಯಾಳಿ ಒಂದು ಊರು, ನೀರು ಒಂದು ಊರು." ಹೇಳಿ ನಗಲು ನೋಡಿದಳು. ಆಗಲಿಲ್ಲ. ಸೆರಗಿನಿಂದ ಮುಂಗೈ ಮುಚ್ಚಿಕೊಂಡು ಒಳಗೆ ಹೋದಳು.

ಮರುದಿನವೇ ವೆಂಕಟೇಶ ಅವಳನ್ನು ಅಮೀರ್‌ಪೇಟ್‌ಗೆ ಕರೆದೊಯ್ದ. ಕೋಚಿಂಗ್ ಕ್ಲಾಸುಗಳ ಬೋರ್ಡುಗಳ ನಡುವೆ ಹುಡುಕಿದರಷ್ಟೇ ಕಾಣುವ ಒಂದು ಕ್ಲಿನಿಕ್ಕು. ಚರ್ಮದ ಡಾಕ್ಟರ್ ಶೀತಲ ಬೀದರದವರು, ಕನ್ನಡ ಬರುತ್ತದೆ ಎಂದು ಯಾರೋ ಹೇಳಿದ್ದರು. ಮೂವತ್ತೈದರ ಹೆಣ್ಣುಮಗಳು, ಕೂದಲನ್ನು ಪೆನ್ನಿನಲ್ಲಿ ಸಿಕ್ಕಿಸಿ ಕಟ್ಟಿದ್ದಳು. ದೀಪ ಹಿಡಿದು ಕುತ್ತಿಗೆ ನೋಡಿದಳು, ಸೊಂಟ ನೋಡಿದಳು.

"ಇದು ಅಂಟೂದಲ್ಲ. ಅಲರ್ಜಿ ಅದ. ಯಾತರದು ಅಂತ ಹುಡುಕಬೇಕು. ಒಂದು ತಿಂಗಳು ಹಾಲು ಬಿಡ್ತೀರೇನ್ರಿ, ಅಮ್ಮಾ?"

"ಬಿಟ್ಟೀನವ್ವಾ. ಚಾತುರ್ಮಾಸ ನಡದದಲಾ, ಈಗ ಕ್ಷೀರವ್ರತ."

"ಮತ್ತ ಮೊಸರು?"

"ಹೋದ ತಿಂಗಳು ಬಿಟ್ಟಿದ್ದೆ."

"ಬದನಿಕಾಯಿ, ಟಮಾಟಿ?"

"ಅದರ ಹಿಂದಿನ ತಿಂಗಳು ಒಂದೂ ಕಾಯಿಪಲ್ಯಾ ತಿಂದಿಲ್ಲ. ಶಾಕವ್ರತ."

"ಬ್ಯಾಳಿ?"

"ಮುಂದಿನ ತಿಂಗಳು ಬಿಡ್ತೀನಿ. ದ್ವಿದಳವ್ರತ."

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ನಕ್ಕುಬಿಟ್ಟಳು. "ನಾ ಒಂದು ವಾರ ಹಾಲು ಬಿಡ್ರೀ ಅಂದ್ರ ಮಂದಿ ಬ್ಯಾರೆ ಡಾಕ್ಟರ್ ಕಡಿ ಓಡ್ತಾರ. ನೀವು ನನ್ನ ಪರೀಕ್ಷಾ ಎಲ್ಲಾ ಮೊದಲೇ ಮಾಡಿಕೊಂಡು ಬಂದೀರಲ್ರೀ!"

ವೆಂಕಟೇಶ ಬೀಗಿದ. ಒಂದೊಂದೇ ತೆಗೆದು ನೋಡುವುದು ತನ್ನ ಕಾರ್ಖಾನೆಯ ಪದ್ಧತಿಯೂ ಹೌದು ಎಂದು ಹೇಳತೊಡಗಿದ. ಕೃಷ್ಣಾಬಾಯಿ ಅವನ ಮೊಣಕೈ ತಿವಿದಳು.

ಹಾಲು, ಮೊಸರು, ಕಾಯಿಪಲ್ಯ, ಯಾವುದು ಬಿಟ್ಟಾಗಲೂ ಗುಳ್ಳೆ ಬಿಟ್ಟಿರಲಿಲ್ಲ. ಹಾಗಾದರೆ ಇದು ಹೊಟ್ಟೆಗೆ ಹೋಗುವುದರಿಂದ ಬಂದದ್ದಲ್ಲ, ಹೊರಗಿನಿಂದ ತಾಗಿದ್ದು ಎಂದಳು ಡಾಕ್ಟರ್. "ಮೈಗೆ ಏನೇನು ಹತ್ತತದೋ ಎಲ್ಲಾ ತೊಗೊಂಡು ಬರ್ರಿ. ಎಲ್ಲಾ ಅಂದ್ರ ಎಲ್ಲಾ."

ಮುಂದಿನ ವಾರ ಎರಡು ಚೀಲ ತುಂಬಿ ಒಯ್ದರು. ಸಾಬೂನು, ಕೊಬ್ಬರಿ ಎಣ್ಣೆ, ಅರಿಷಿಣ, ಕುಂಕುಮ, ಬಳೆ, ದಿನಾ ಉಡುವ ಎರಡು ಸೀರೆ. ವೆಂಕಟೇಶ ತನ್ನ ತಲೆಯಿಂದ ಇಂಗು, ಪಾತ್ರೆ ತಿಕ್ಕುವ ಪುಡಿ, ಹಾಲ್‌ನಿಂದ ತಂದ ಒಂದು ಹಿಡಿ ಬೂದಿಯನ್ನೂ ಪೊಟ್ಟಣ ಕಟ್ಟಿದ್ದ. ಅದರಲ್ಲಿ ಬೇಕೆನಿಸಿದ್ದನ್ನೆಲ್ಲ ಡಾಕ್ಟರ್ ಅವಳ ಬೆನ್ನಿಗೆ ಪಟ್ಟಿಯಲ್ಲಿ ಅಂಟಿಸಿ ಎರಡು ದಿನ ಬಿಟ್ಟು ನೋಡಿದಳು. ಒಂದೂ ಕೆಂಪಾಗಲಿಲ್ಲ.

ಮಡಿ ಸೀರೆ ಆ ಚೀಲದಲ್ಲಿರಲಿಲ್ಲ. ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ಒಯ್ದು, ಹತ್ತು ಕೈ ಮುಟ್ಟಿಸುವ ವಸ್ತುವೇ ಅಲ್ಲ ಅದು. ವೆಂಕಟೇಶನಿಗೂ ನೆನಪಾಗಲಿಲ್ಲ. ಸೀರೆ ಎಂದಾಗ ಆ ಮನೆಯಲ್ಲಿ ಯಾರ ಮನಸ್ಸಿಗೂ ಅದು ಬರುತ್ತಿರಲಿಲ್ಲ. ಮನೆಯಲ್ಲೆಲ್ಲ ಅತ್ಯಂತ ಸ್ವಚ್ಛವಾದದ್ದನ್ನು ಯಾರು ಸಂಶಯಪಡುತ್ತಾರೆ? ಕೃಷ್ಣಾಬಾಯಿಯ ಮನಸ್ಸಿಗೆ ಒಮ್ಮೆ ಬಂದಿತ್ತು. ಆದರೆ ಆ ಸೀರೆಯ ಮಾತೆತ್ತಿದರೆ ಪ್ಲಂಬರನ ಮಾತೂ ಹೊರಬರುತ್ತದೆ. ಅವಳು ಚೀಲದ ಬಾಯಿ ಕಟ್ಟಿದಳು.

ಮುಲಾಮು ಹಚ್ಚಿಕೊಂಡಷ್ಟು ದಿನ ಮಡಿಯಿಲ್ಲ, ಹಾಲ್ ಇಲ್ಲ. ವಾರದಲ್ಲಿ ಮೈ ತಿಳಿಯಾಯಿತು. ಮನೆಯಲ್ಲಿ ದಿನಾ ಅಡಿಗೆ ಮಾಡುತ್ತಿದ್ದಳು, ಒಗ್ಗರಣೆ ಹೊಗೆ ಕುಡಿಯುತ್ತಿದ್ದಳು, ಒಂದು ಗುಳ್ಳೆ ಏಳಲಿಲ್ಲ. ಅದು ಅವಳನ್ನು ಇನ್ನಷ್ಟು ಕುಗ್ಗಿಸಿತು. ಹಾಲ್‌ಗೆ ಹೋದರೆ ಮಾತ್ರ ಬರುವುದೆಂದರೆ, ಆ ಒಲೆಯೇ ತನ್ನನ್ನು ಒಲ್ಲೆ ಎಂದಂತೆ. ನಾಲ್ಕೂವರೆಗೆ ಎಚ್ಚರವಾಗುವುದು ಮಾತ್ರ ತಪ್ಪಲಿಲ್ಲ. ಹಾಸಿಗೆಯಲ್ಲಿ ಕೂತು ಎಷ್ಟು ಜನರಿಗೆ ಎಷ್ಟು ಉಪ್ಪು ಎಂದು ಖಾಲಿ ಅಂಗೈ ನೋಡಿಕೊಳ್ಳುತ್ತಿದ್ದಳು. ಆಷಾಢ ಕಳೆದಿದ್ದರೂ ಆರಕ್ಕೆ ಪಕ್ಕದಿಂದ ಕರಕರ, ಲಟ್, ಸರಸರ.

ವಿಜಯದಶಮಿಯ ದಿನ ಹಾಲ್‌ನಲ್ಲಿ ಮಧ್ವಜಯಂತಿ. ಕೃಷ್ಣಾಬಾಯಿ ಮೂರು ದಿನ ಮೊದಲೇ ಮುಲಾಮು ನಿಲ್ಲಿಸಿ, ಗಳಕ್ಕೆ ಸೀರೆ ಹಾಕಿ, ಅಂದು ನಸುಕಿನಲ್ಲಿ ಉಟ್ಟು ಹೋದಳು. ಯಾರೂ ಅವಳನ್ನು ಒಲೆಯ ಹತ್ತಿರ ಕರೆಯಲಿಲ್ಲ. ಗೋಡೆಗೊರಗಿ ಕೂತು ಪ್ರವಚನ ಕೇಳಿದಳು. ಒಳಗೆ ಗುರುಬಾಯಿ ಸೌಟು ಬಡಿಯುವ ಸದ್ದಿಗೆ ಹುಳಿ ತಳ ಹಿಡಿಯುತ್ತಿದೆ ಎಂದು ತಿಳಿಯುತ್ತಿತ್ತು. ಎದ್ದು ಹೋಗಿ ಹೇಳಲಿಲ್ಲ. ಹನ್ನೊಂದರ ಹೊತ್ತಿಗೆ ಕುತ್ತಿಗೆಯ ಹಿಂದೆ ಸಣ್ಣಗೆ ಚುರುಗುಟ್ಟಿತು. ಊಟದ ಹೊತ್ತಿಗೆ ಮುಂಗೈ ಪೂರ್ತಿ ರವೆ.

ಅವಳು ಉಣ್ಣದೆ ಮನೆಗೆ ಬಂದಳು.

ವೆಂಕಟೇಶ ಗೋಡೆಯ ಪಂಚಾಂಗದ ಕ್ಯಾಲೆಂಡರ್ ಬಿಚ್ಚಿ ನೆಲದ ಮೇಲೆ ಹರವಿಕೊಂಡಿದ್ದ. ಆಷಾಢದಿಂದ ಗುಳ್ಳೆ ಬಂದ ದಿನಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ. ಇಂದಿನದಕ್ಕೂ ಹಾಕಿದ.

"ಇವತ್ತು ಒಲಿ ಮುಂದ ಹೋಗಿದ್ದೇನು?"

"ಇಲ್ಲ."

"ಇಂಗು ಮುಟ್ಟಿದ್ದೇನು? ಹೊಗಿ?"

"ಏನೂ ಮುಟ್ಟಿಲ್ಲರೀ. ಮಡಿ ಉಟ್ಟು ಸುಮ್ಮನ ಗ್ವಾಡಿಗೆ ಕೂತಿದ್ದೆ, ಹುಚ್ಚಿ ಹಂಗ."

ಅವನ ಪೆನ್ಸಿಲು ಗಾಳಿಯಲ್ಲೇ ನಿಂತಿತು. "ಏನಂದಿ?"

"ಹುಚ್ಚಿ ಹಂಗ."

"ಅಲ್ಲ, ಅದರ ಮೊದಲು."

ಅವನು ಕ್ಯಾಲೆಂಡರಿನ ಮೇಲೆ ಬೆರಳು ಓಡಿಸಿದ. ಅಡಿಗೆಯ ದಿನಗಳೆಂದು ತಾವು ತಿಳಿದದ್ದೆಲ್ಲ ಮಡಿಯ ದಿನಗಳು. ಒಂದೂ ತಪ್ಪಿಲ್ಲ. "ಮಡಿ ಸೀರಿ ಡಾಕ್ಟರಿಗೆ ತೋರಿಸಲೇ ಇಲ್ಲಲ್ಲ ನಾವು" ಎಂದ.

ಆಗ ಅವಳು ಹೇಳಿದಳು. ಟಾಕಿ ಬಂದ ದಿನ, ಪ್ಲಂಬರನ ಕಂಕುಳು, ಮಳೆ, ಹನ್ನೊಂದು ಜನರ ಶ್ರಾದ್ಧ. ನಿಧಾನವಾಗಿ, ನೆಲ ನೋಡುತ್ತ. ಹೇಳಿ ಮುಗಿಸಿ, "ಅದಕ್ಕ ಬಂದದ ಇದು. ನನಗ ಗೊತ್ತದ" ಎಂದಳು.

ವೆಂಕಟೇಶ ಕನ್ನಡಕ ತೆಗೆದು ಒರೆಸಿದ. "ಅವತ್ತು ಪ್ಲಂಬರ್ ಒಬ್ಬನೇ ಬಂದಿದ್ದೇನು? ಟಾಕಿನೂ ಬಂತಲಾ. ಗಳಾನೂ ಸರೀತಲಾ. ಒಂದ ದಿನಾ ಮೂರು ಬದಲಾದ್ರ, ತಪ್ಪು ಒಂದರ ಮ್ಯಾಲ ಹಾಕಿದ್ರ ಹೆಂಗ? ಕಾರ್ಖಾನ್ಯಾಗ ಹಂಗ ಬರದಿದ್ರ ಸಾಹೇಬ ನನ್ನ ಕಾಗದಾನ ಹರೀತಿದ್ದ." ಆಮೇಲೆ ತಡೆದು ಕೇಳಿದ: "ಸೀರಿ ನೋಡಬೇಕಲಾ. ಮುಟ್ಟಬೇಕಾಗ್ತದ."

ಇನ್ನೊಂದು ಮಡಿ ಸೀರೆ ಗಳದ ಮೇಲೆ ಒಣಗುತ್ತಿತ್ತು. ನಾಳೆಗೆಂದು ಅವಳೇ ಹಾಕಿದ್ದು. ಇಬ್ಬರೂ ಮಾಳಿಗೆ ಹತ್ತಿದರು. ಇಳಿಬಿಸಿಲು ಟಾಕಿಯ ನೆರಳನ್ನು ಉದ್ದಕ್ಕೆ ಎಳೆದಿತ್ತು. ಕೃಷ್ಣಾಬಾಯಿ ಕೋಲು ಹಿಡಿದು ಸ್ವಲ್ಪ ಹೊತ್ತು ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಆ ಕೋಲು ಸೀರೆಯನ್ನು ಅವಳ ಕೈಗಲ್ಲದೆ ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ನಿಧಾನಕ್ಕೆ ಎತ್ತಿ, ಗಂಡನ ಚಾಚಿದ ತೋಳುಗಳ ಮೇಲೆ ಇಳಿಸಿದಳು.

"ಹಿಡೀರಿ."

ಅವನು ಜೇಬಿನಿಂದ ಹಳೆ ಭೂತಗನ್ನಡಿ ತೆಗೆದ. ಗೀರು ಹುಡುಕುತ್ತಿದ್ದ ಗಾಜು. ಅಂಚು, ಒಡಲು, ಸೆರಗು ಎಂದು ಗೇಣು ಗೇಣಾಗಿ ನೋಡುತ್ತ ಬಂದ. ನಡುವೆ ನಿಂತ. ಗಾಜನ್ನು ಅವಳ ಕೈಗೆ ಕೊಟ್ಟ. ನೂಲಿನ ಎಳೆಗಳ ಮಧ್ಯೆ, ಹೊಂಬಣ್ಣದ, ರೆಪ್ಪೆಗಿಂತಲೂ ಸಣ್ಣ ಕೂದಲುಗಳು. ನೂರಾರು. ಬಿಸಿಲಿಗೆ ಹಿಡಿದಾಗ ಮಾತ್ರ ಮಿನುಗುತ್ತಿದ್ದವು.

"ನಿನ್ನ ತಲಿಗೂದಲಂತೂ ಅಲ್ಲ."

ಅಷ್ಟರಲ್ಲಿ ಪಕ್ಕದ ಮಾಳಿಗೆಯಿಂದ ದನಿ ಬಂತು. "ಅಕ್ಕಾರ, ಈಗರ ಮಾತಾಡಬೌದೇನ್ರಿ? ಮಡ್ಯಾಗ ಇದ್ದೀರೇನು?"

ಸುಗಲಮ್ಮ ದೋಟಿ ಹಿಡಿದು ನಿಂತಿದ್ದಳು. ನಾರಾಯಣಪೇಟೆಯ ಕಡೆಯವಳು, ಅವಳ ಮಾತಿನಲ್ಲಿ ಕನ್ನಡವೂ ತೆಲುಗೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು. ಕೈಗೆ ಗಂಡನ ಹಳೆ ಅಂಗಿಯ ತೋಳು ಸುತ್ತಿಕೊಂಡಿದ್ದಳು.

"ಇಲ್ಲ ಬಾ" ಎಂದಳು ಕೃಷ್ಣಾಬಾಯಿ.

"ಮ್ಯಾಲ ನೋಡ್ರಿ."

ಕೃಷ್ಣಾಬಾಯಿ ತಲೆಯೆತ್ತಿದಳು. ಗಳದ ನೇರ ಮೇಲೆ ನುಗ್ಗೆಯ ಟೊಂಗೆಯೊಂದು ಗೋಡೆ ದಾಟಿ ಬಾಗಿತ್ತು. ಎಲೆಗಳಲ್ಲಿ ಅರ್ಧಕ್ಕರ್ಧ ಬರೀ ಕಡ್ಡಿ. ಸುಗಲಮ್ಮ ದೋಟಿಯಿಂದ ಕಾಂಡ ತೋರಿಸಿದಳು. ಅಲ್ಲಿ ತೊಗಟೆಗೆ ಯಾರೋ ಕಂದು ಕಂಬಳಿ ಹೊದಿಸಿದಂತೆ ಇತ್ತು. ಕಂಬಳಿ ಮಿಸುಕಾಡಿತು.

"ಗೊಂಗಳಿ ಪುರುಗು. ಕಂಬಳಿಹುಳ. ಮಳಿಗಾಲ ಬಂದ್ರ ಪ್ರತಿ ವರ್ಷ ಇದ ಗತಿ. ಹಗಲೆಲ್ಲ ಕೆಳಗ ಮಲಗತಾವು, ರಾತ್ರಿ ಮ್ಯಾಲೇರಿ ಎಲಿ ತಿಂತಾವು. ಅವುಗಳ ಕೂದಲು ಗಾಳಿಗೆ ಉದುರತೈತಿ. ಮೈಗೆ ಹತ್ತಿದ್ರ ದೇವುಡಾ, ತಕತಕ ಕುಣಿಸತೈತಿ. ನಾನು ಅಂಗಿ ಸುತ್ತದ ಮರಾ ಮುಟ್ಟಂಗಿಲ್ಲ."

"ಮತ್ತ ನಮಗ ಒಂದು ಮಾತು ಹೇಳಬಾರದೇನವ್ವಾ?" ಎಂದ ವೆಂಕಟೇಶ.

"ಮೂರು ತಿಂಗಳಾತು, ಹೇಳಬೇಕಂತ ನಿಂತೀನಿ!" ಸುಗಲಮ್ಮ ದೋಟಿಯನ್ನು ಗೋಡೆಗೆ ಒರಗಿಸಿದಳು. "ಟಾಕಿ ಬಂದ ಮ್ಯಾಲ ಸೀರಿ ಇಲ್ಲಿ ಹಾಕಾಕತ್ತೀರಿ. ನಾನು 'ಅಕ್ಕಾರ' ಅಂದ್ರ ಮಾರಿ ಆ ಕಡಿ ತಿರುವತೀರಿ. ಇನ್ನೊಮ್ಮೆ ಓಣ್ಯಾಗ ಕರದೆ. ಮಡಿ, ಮಾತಾಡಂಗಿಲ್ಲಂತ ಕೈ ಮಾಡಿ ಹೋದ್ರಿ. ನಾನ ಬಂದು ಸೀರಿ ತಗದಿಡಲೇನು? ನನ್ನ ಕೈ ಹತ್ತಿದ್ರ ಕೆಡತೈತಿ ಅದು. ಹುಳಕ್ಕ ಯಾರು ಹೇಳಬೇಕ್ರಿ, ದೂರ ನಿಲ್ಲಂತ?"

ಆ ಕೈಸನ್ನೆ ಕೃಷ್ಣಾಬಾಯಿಗೆ ನೆನಪಿತ್ತು. ನೊಣ ಹೊಡೆದ ಹಾಗೆ ಮಾಡಿದ್ದಳು.

ವೆಂಕಟೇಶ ಸೀರೆಯ ಮೇಲಿನ ಕೂದಲಿನ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದ. ಹತ್ತು ನಿಮಿಷದಲ್ಲಿ ಶೀತಲ ಫೋನ್ ಮಾಡಿದಳು. ಆ ಕೂದಲು ಚರ್ಮಕ್ಕೆ ಚುಚ್ಚಿಕೊಂಡರೆ ಹೀಗೇ ಆಗುತ್ತದೆ, ಅಂಟುಪಟ್ಟಿ ಹಚ್ಚಿ ಕಿತ್ತರೆ ಮೈಮೇಲಿನವು ಬರುತ್ತವೆ, ಸೀರೆಗಳನ್ನು ಕುದಿನೀರಲ್ಲಿ ನೆನೆಸಿ ಚೆನ್ನಾಗಿ ಜಾಲಿಸಿ ಒಳಗೆ ಒಣಗಿಸಿ ಎಂದಳು. "ಎಲ್ಲಾ ಅಂದ್ರ ಎಲ್ಲಾ ತರ್ರಿ ಅಂದಿದ್ದೆ, ಅಮ್ಮಾ" ಎಂದೂ ಸೇರಿಸಿದಳು. ಬೈಗುಳ ಅಷ್ಟೇ.

ಒಂದು ಸಲಕ್ಕೆ ಒಂದೇ ಬದಲು ಎಂಬುದು ವೆಂಕಟೇಶನ ನೇಮ. ಗಳ ಒಳಗಿನ ಕೋಣೆಗೆ ಬಂತು. ಮಿಕ್ಕದ್ದೆಲ್ಲ ಇದ್ದ ಹಾಗೇ. ಕೃಷ್ಣಾಬಾಯಿ ದಿನ ಬಿಟ್ಟು ದಿನ ಮಡಿ ಉಟ್ಟು ಮನೆಯಲ್ಲೇ ಅಡಿಗೆ ಮಾಡಿದಳು. ಮೂರು ವಾರ. ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಬೀಳಲಿಲ್ಲ.

ನಾಲ್ಕನೆಯ ವಾರ ಆಚಾರರ ಹತ್ತಿರ ಹೋಗಿ ಎರಡೂ ಮುಂಗೈ ಚಾಚಿ ತೋರಿಸಿದಳು. ಹುಳದ ಕತೆ ಹೇಳಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಪ್ಲಂಬರನ ಮಾತನ್ನೂ ಹೇಳಿದಳು. ಗುಳ್ಳೆಗೂ ಅದಕ್ಕೂ ಸಂಬಂಧವಿಲ್ಲವೆಂದು ಈಗ ಗೊತ್ತು. ಗೊತ್ತಾದ ಮೇಲೆಯೇ ಹೇಳುವುದು ಹೆಚ್ಚು ಕಷ್ಟವಾಯಿತು.

ನರಹರಿ ಆಚಾರರ ಬೆರಳಲ್ಲಿ ಜಪಮಣಿ ತಿರುಗುತ್ತಿತ್ತು.

"ಅವತ್ತು ಹೆಸರುಬ್ಯಾಳಿ ಪಾಯಸಾ ಮಾಡಿದ್ರಿ, ಅಲ್ಲೇನು?"

"ಹೌದ್ರಿ."

"ನಾನೂ ಉಂಡೀನಿ. ಎರಡು ಸಲ ಹಾಕಿಸಿಕೊಂಡಿದ್ದೆ." ಅವರು ಎದ್ದರು. "ದ್ವಾದಶಿ ಪಾರಣಿಗೆ ಅರವತ್ತು ಎಲಿ ಬೀಳ್ತಾವ. ನೆಲ್ಲಿಕಾಯಿ ನೀವ ಆರಿಸಿರಿ. ಗುರುಬಾಯಿ ಆರಿಸಿದ್ದು ಬರೇ ಕಲ್ಲು."

ಉತ್ಥಾನ ದ್ವಾದಶಿಯ ಪಾರಣೆ ಸೂರ್ಯೋದಯಕ್ಕೇ. ಅದಕ್ಕಾಗಿ ನಾಲ್ಕಕ್ಕೆ ಮೊದಲೇ ಕೃಷ್ಣಾಬಾಯಿ ಒಳಗಿನ ಗಳದಿಂದ ಸೀರೆ ಇಳಿಸಿ, ದೀಪಕ್ಕೆ ಹಿಡಿದು ನೋಡಿ, ಉಟ್ಟು ಓಣಿಗೆ ಇಳಿದಳು. ಕಾರ್ತಿಕದ ಚಳಿ. ಪ್ರೆಸ್ ಶೆಡ್ಡು ಸುಮ್ಮನಿತ್ತು. ಸುಗಲಮ್ಮ ಆಗಲೇ ತಣ್ಣೀರ ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಬಾಗಿಲಿಗೆ ಕಾರ್ತಿಕದ ಹಣತೆ ಇಡುತ್ತಿದ್ದಳು. ಹೆಜ್ಜೆ ಕೇಳಿ ಎಂದಿನಂತೆ ಎದ್ದು ಗೋಡೆಗೆ ಆತು ನಿಂತಳು.

"ಸುಗಲಮ್ಮಾ" ಎಂದಳು ಕೃಷ್ಣಾಬಾಯಿ.

ಸುಗಲಮ್ಮನ ಕೈಯಲ್ಲಿದ್ದ ಬತ್ತಿ ಅಲ್ಲೇ ನಿಂತಿತು. "ಅಕ್ಕಾರ, ಮಡಿ…"

"ಇರಲಿ. ಪಾರಣಿ ಮುಗದ ಮ್ಯಾಲ, ಹತ್ತರ ಸುಮಾರಿಗೆ ಹಾಲ್‌ಗೆ ಬಾ, ಊಟಕ್ಕ. ಹಿತ್ತಲ ಬಾಗಲಿಗೆ ಅಲ್ಲ, ಮುಂದಿನ ಬಾಗಲಿಗೆ. ನಾನ ಬಡಸ್ತೀನಿ."

"ಟೊಂಗಿ ಕಡಿಸಲೇನ್ರಿ? ನಾಳೆ ಆಳು ಬರ್ತಾನ."

ಹಾಲ್‌ನ ಕಿಟಕಿಯಲ್ಲಿ ದೀಪ ಕಂಡಿತು. ಯಾರೋ ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದರು. ಕೃಷ್ಣಾಬಾಯಿಯ ಕಾಲು ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. "ಮರಾ ನಿಂದು, ನನ್ನ ಕೇಳಬ್ಯಾಡ, ನಾ ಸೀರಿ ಒಳಗ ಒಣಗಸ್ಕೋತೀನಿ," ಎನ್ನುತ್ತ ಅವಳು ತಿರುವಿನ ಕಡೆ ನಡೆದಳು, "ಆದ್ರ ಇನ್ನ ಮ್ಯಾಲ ಏನರ ಹೇಳೋದಿದ್ರ ಮಡಿಗಿಡಿ ನೋಡಬ್ಯಾಡ, ಜೋರಾಗಿ ಕೂಗು, ಕೂಗಿದ ಮ್ಯಾಲೂ ನಾ ತಿರುಗಿ ನೋಡಲಿಲ್ಲಾಂದ್ರ ಆ ನಿನ್ನ ದೋಟಿ ತೊಗೊಂಡು ನನ್ನ ಸೆರಗಿಗೆ ಸಿಗಿಸಿ ಎಳಿ."